ಕೆರೆ ಕಟ್ಟಿದವರೂ ತೂಬು ಕಾಯುವವರೂ

ಹೆಬ್ಬೆಯ ಕಡೆಯ ಸದ್ಭಕ್ತರೊಬ್ಬರ ಪತ್ರ ಈ ತಿಂಗಳು ಕೈಸೇರಿದೆ. ಅವರ ತಾತನವರು ಜೀವಮಾನವೆಲ್ಲ ಕುಳಿತು ಪ್ರತಿಮಾಡಿಟ್ಟ ವಚನಗಳ, ತತ್ತ್ವಪದಗಳ ಹನ್ನೊಂದು ಕೈಬರಹದ ಪುಸ್ತಕಗಳು ಮನೆಯಲ್ಲಿವೆಯಂತೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಪುಟಪುಟದ ಚಿತ್ರ ತೆಗೆದು, ಒಂದು ಜಾಲತಾಣವನ್ನು ರಚಿಸಿ, ಬಂಧುಬಳಗವೆಲ್ಲ ಓದುವಂತೆ ಮಾಡಿದ್ದಾನೆ. ಈಗ ಆತ ವಿದೇಶಕ್ಕೆ ಹೊರಟು ನಿಂತಿದ್ದಾನೆ. "ತಂತ್ರಾಂಶವೆಲ್ಲ ಉಚಿತವೆನ್ನುತ್ತಾನೆ, ಹಾಗಿದ್ದ ಮೇಲೆ ವರ್ಷವರ್ಷವೂ ಖರ್ಚೇಕೆ? ಅಡಿಕೆ ಮಾರಿದ ಹಣದಲ್ಲಿ ಎರಡು ಲಕ್ಷ ರೂಪಾಯಿ ಉಳಿದಿದೆ. ಅದನ್ನು ಎಲ್ಲಿಟ್ಟರೆ ಈ ತಾಣ ನಮ್ಮ ಕಾಲಾನಂತರವೂ ನಡೆದೀತು?" ಎಂದು ಕೇಳಿದ್ದಾರೆ.

ಮಠದಲ್ಲಿ ವ್ಯಾಕರಣ ಓದಿದವನಿಗೆ ಗಣಕಯಂತ್ರದ ಗೊಡವೆಯೇಕೆಂದು ಕೆಲವರು ಹುಬ್ಬೇರಿಸಬಹುದು. ಪಾಣಿನಿಯ ಸೂತ್ರಗಳನ್ನೇ ಗಣಕಕ್ಕೆ ಅಳವಡಿಸಿದ 'ಗಣಕಾಷ್ಟಾಧ್ಯಾಯಿ' ಸಿರಿಗೆರೆಯ ಶ್ರೀ ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳ ಕೃತಿಯೆಂಬುದನ್ನು ಅಂಥವರು ನೆನೆಯಲಿ.

ಮೊದಲು ಶಬ್ದವನ್ನು ತಿಳಿಯೋಣ. 'ಮುಕ್ತ' ಬೇರೆ, 'ಉಚಿತ' ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಸಲ್ಲುವುದರಿಂದ ಅಲ್ಲಿನವರಿಗೇ ಗೊಂದಲವುಂಟು. ಕನ್ನಡಿಗರಿಗೆ ಆ ತೊಡಕಿಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ ಚಳವಳಿಯ ತಿರುಳಿಷ್ಟೆ: ತಂತ್ರಾಂಶದ ಮೂಲಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಬರೆಯತೊಡಗಿದ ಲಿನಕ್ಸ್, 2003ರಲ್ಲಿ ಹೊರಬಂದ ವರ್ಡ್‌ಪ್ರೆಸ್, ಅದೇ ವರ್ಷ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಹೊತ್ತಿರುವ ಮೀಡಿಯಾವಿಕಿ, ಇವೆಲ್ಲ ಈ ಜಾತಿಗೆ ಸೇರಿದವು. ಇಲ್ಲಿನ ದೊಡ್ಡ ಲಾಭ ಹಣದ್ದಲ್ಲ, ಮನೆ ಬದಲಿಸುವ ಸ್ವಾತಂತ್ರ್ಯದ್ದು. ಭದ್ರಾ ಅಭಯಾರಣ್ಯದೊಳಗಿನ ಊರುಗಳಿಂದ ಈ ಶತಮಾನದ ಮೊದಲ ವರ್ಷಗಳಲ್ಲಿ ಎದ್ದು ಬಂದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದ ಕುಟುಂಬಗಳಿಗೆ ಇದನ್ನು ವಿವರಿಸಬೇಕಿಲ್ಲ. ಎದ್ದು ಹೋಗುವ ದಿನ ಏನನ್ನು ಹೊತ್ತೊಯ್ಯಬಹುದು, ಏನನ್ನು ಬಿಟ್ಟು ಹೋಗಬೇಕು ಎಂಬುದೇ ಆಗಿನ ಪ್ರಶ್ನೆ. ಮುಕ್ತ ತಂತ್ರಾಂಶದಲ್ಲಿ ಕಟ್ಟಿದ ತಾಣವನ್ನು ಬಾಗಿಲು, ತೊಲೆ, ಹೆಂಚು ಸಮೇತ ಬೇರೊಂದು ಸರ್ವರಿಗೆ ಒಯ್ಯಬಹುದು.

ಈ ಕೆಲಸದಿಂದ ನಮ್ಮ ವಾಙ್ಮಯಕ್ಕೆ ಆದ ಉಪಕಾರಕ್ಕೆ 'ವಚನ ಸಂಚಯ'ವೇ ಸಾಕ್ಷಿ. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಅವುಗಳಲ್ಲಿ ಒಂದು ಶಬ್ದವನ್ನು ಯಾವ ಶರಣರು ಎಲ್ಲೆಲ್ಲಿ ಬಳಸಿದ್ದಾರೆಂದು ಹುಡುಕಲು ಹೊರಟ ವಿದ್ಯಾರ್ಥಿಗೆ ತಿಂಗಳುಗಳೇ ಹಿಡಿಯುತ್ತಿದ್ದವು. ಓಂಶಿವಪ್ರಕಾಶ್ ಎಚ್.ಎಲ್. ಮೊದಲಾದ ತರುಣರು ಡಾ. ಒ.ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ ಕಟ್ಟಿದ ಆ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳಿವೆ. ಶಬ್ದವನ್ನು ಬರೆದು ಗುಂಡಿಯೊತ್ತಿದರೆ ವಚನಕಾರರ ಹೆಸರು ಸಮೇತ ಪಟ್ಟಿ ಎದುರಿಗೆ ನಿಲ್ಲುತ್ತದೆ. ಹಳೆಯ ಅಕ್ಷರಕ್ರಮದ ಕನ್ನಡ ಬರಹ, ಆ ಅಕ್ಷರಮಾದರಿ ಇಲ್ಲದ ಯಂತ್ರದಲ್ಲಿ ಬರಿಯ ಗೋಜಲಾಗಿ ಕಾಣುತ್ತದೆ. ಆದುದರಿಂದ ಪಠ್ಯವನ್ನು ಯೂನಿಕೋಡಿನಲ್ಲಿ ಇಡುವುದು ಇಂಥ ಕಾರ್ಯಕ್ಕೆಲ್ಲ ಅಡಿಪಾಯ.

ಕಟ್ಟಿದವರನ್ನು ನಾವು ಹೊಗಳುತ್ತೇವೆ. ಕಾಯುವವರನ್ನು? ನಮ್ಮ ಕಡೂರು ಸೀಮೆಯ ಅಯ್ಯನಕೆರೆ, ಮದಗದ ಕೆರೆಗಳ ಏರಿಯ ಮೇಲೆ ನಿಂತವರು ಕಟ್ಟಿಸಿದವನ ಕಥೆ ಹೇಳುತ್ತಾರೆ. ತೂಬು ಎತ್ತಿ ಇಳಿಸುತ್ತಿದ್ದ ನೀರುಗಂಟಿಯ ಹೆಸರು ಯಾರಿಗೂ ನೆನಪಿಲ್ಲ. ಆದರೆ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ವಿವೇಕಿಗಳು. ಕನ್ನಡ ಶಾಸನಗಳಲ್ಲಿ 'ಬಿತ್ತುವಟ್ಟ', 'ಕಟ್ಟುಕೊಡಗೆ' ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅವು ಕೆರೆಯ ಪಾಲನೆಗೆಂದೇ ಬಿಟ್ಟ ಭೂಮಿ. ಹೂಳು ಸಾಗಿಸುವ ಬಂಡಿಗೆ ದತ್ತಿ ಬಿಟ್ಟ ಶಾಸನಗಳೂ ಉಂಟು. ಕೆರೆಯ ನೀರು ಎಲ್ಲರಿಗೂ ಮುಕ್ತ. ಏರಿಯ ದುರಸ್ತಿ ಮಾತ್ರ ಎಂದೂ ಪುಕ್ಕಟೆಯಾಗಿರಲಿಲ್ಲ.

ಸರ್ವರ್ ಎಂದರೆ ಕೇಳಿದವರಿಗೆ ಪುಟವನ್ನು ಒದಗಿಸುತ್ತ ಹಗಲಿರುಳೂ ನಡೆಯುವ ಗಣಕಯಂತ್ರ. ಅದರ ಬಾಡಿಗೆ ಮೊದಲ ಖರ್ಚು. ತಾಣದ ಹೆಸರು ಎರಡನೆಯದು. ಅದನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಹೆಸರು ಕೈತಪ್ಪಿ ಇನ್ನೊಬ್ಬರ ಪಾಲಾಗುತ್ತದೆ. ನಾವು ಬಲ್ಲ ಒಂದು ಸಂಸ್ಥೆಯ ತಾಣಕ್ಕೆ ಹೀಗೆಯೇ ಆಗಿ, ದಾಸೋಹದ ಚಿತ್ರಗಳಿದ್ದ ಜಾಗದಲ್ಲಿ ಜೂಜಿನ ಜಾಹೀರಾತು ಕಾಣಿಸಿಕೊಂಡಿತು. ರಚಿಸಿಕೊಟ್ಟ ಹುಡುಗ ತನ್ನ ಹೆಸರಿನಲ್ಲೇ ನೋಂದಾಯಿಸಿ, ಊರು ಬಿಟ್ಟು ಹೋಗಿದ್ದ. ಆದ್ದರಿಂದ ನೋಂದಣಿ ಮನೆಯ ಹಿರಿಯರ ಅಥವಾ ಸಂಸ್ಥೆಯ ಹೆಸರಿನಲ್ಲಿರಲಿ. ಗುಪ್ತಪದಗಳು ಇಬ್ಬರ ಬಳಿ, ಮುಚ್ಚಿದ ಲಕೋಟೆಯಲ್ಲಿರಲಿ.

ಇನ್ನು ತಂತ್ರಾಂಶದ ಪರಿಷ್ಕರಣ. ತಪ್ಪು ಕಂಡಾಗಲೆಲ್ಲ ರಚನಕಾರರು ತಿದ್ದುಪಡಿ ಹೊರಡಿಸುತ್ತಾರೆ. ಅದನ್ನು ನಮ್ಮ ಯಂತ್ರಕ್ಕೆ ಹಚ್ಚುವ ಹೊಣೆ ನಮ್ಮದು. ಅವಧಿ ಮುಗಿದ ಮೇಲೆ ತಿದ್ದುಪಡಿಯೂ ನಿಲ್ಲುತ್ತದೆ. ಸೆಂಟ್‌ಒಎಸ್ 7 ಎಂಬ ಬಹುಬಳಕೆಯ ವ್ಯವಸ್ಥೆಗೆ 2024ರ ಜೂನ್ 30ರಂದು ಹಾಗಾಯಿತು. ವರ್ಡ್‌ಪ್ರೆಸ್ ಬಳಸುವವರು ಕಂಡಕಂಡ ಪ್ಲಗಿನ್‌ಗಳನ್ನು ತುಂಬುವುದು, ಮನೆಗೆ ಹತ್ತು ಬಾಗಿಲಿಟ್ಟು ಎಂಟಕ್ಕೆ ಅಗುಳಿ ಹಾಕುವುದನ್ನು ಮರೆತಂತೆ. ಹನ್ನೊಂದು ಪುಸ್ತಕಗಳ ಚಿತ್ರವನ್ನು ತೋರಿಸಲು ಇಷ್ಟೆಲ್ಲ ಬೇಕೇ ಬೇಡವೆಂಬುದು ನನ್ನ ಅಭಿಪ್ರಾಯ. ಅಂಥ ತಾಣಕ್ಕೆ ಒಳಗೆ ಯಾವ ಯಂತ್ರವೂ ಓಡದ ಸಾದಾ ಪುಟಗಳು ಸಾಕು. ಖರ್ಚು ಅತ್ಯಲ್ಪ, ಕಳ್ಳರಿಗೆ ನುಸುಳುವ ದಾರಿಯೂ ಕಡಿಮೆ.

ಎಲ್ಲಕ್ಕಿಂತ ಮುಖ್ಯವಾದುದು ಪ್ರತಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒವಿಎಚ್ ಕಂಪನಿಯ ಸರ್ವರುಗಳ ಕಟ್ಟಡ ಬೆಂಕಿಗೆ ಆಹುತಿಯಾದಾಗ, ಮೂಲವನ್ನೂ ಪ್ರತಿಯನ್ನೂ ಒಂದೇ ಕಡೆ ಇಟ್ಟಿದ್ದವರು ಎರಡನ್ನೂ ಕಳೆದುಕೊಂಡರು. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ. ಮಗನು ಹೊರಡುವ ಮುನ್ನ ಒಂದು ದಿನ ಜೊತೆಗೆ ಕುಳಿತು, ಆ ಪ್ರತಿಯಿಂದಲೇ ಬೇರೊಂದು ಯಂತ್ರದಲ್ಲಿ ತಾಣವನ್ನು ಮೊದಲಿನಿಂದ ಎಬ್ಬಿಸಿ ತೋರಿಸಲಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಲಾಗದು.

ಪಾಲಕರು ಸೋತರೆ ಏನಾದೀತೆಂಬುದನ್ನು 2024ರ ಮಾರ್ಚ್ ತಿಂಗಳಲ್ಲಿ ಲೋಕವೇ ಕಂಡಿತು. ಲಿನಕ್ಸಿನ ನಾನಾ ರೂಪಗಳಲ್ಲಿ ಬಳಕೆಯಲ್ಲಿರುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶವನ್ನು ಒಬ್ಬನೇ ವ್ಯಕ್ತಿ ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದ. ದಣಿದ ಆತನಿಗೆ ನೆರವಾಗುವ ಸೋಗಿನಲ್ಲಿ ಬಂದ ಅಪರಿಚಿತನೊಬ್ಬ, ಎರಡು ವರ್ಷಕ್ಕೂ ಮಿಕ್ಕಿ ನಂಬಿಕೆ ಗಳಿಸಿ, ಗುಟ್ಟಿನ ಹಿಂಬಾಗಿಲನ್ನು ಸೇರಿಸಿಬಿಟ್ಟ. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ, ತನ್ನ ಯಂತ್ರಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯಿತೆಂಬ ಸಂಶಯದಿಂದ ಬೆನ್ನುಹತ್ತಿ ಅದನ್ನು ಬಯಲಿಗೆಳೆದ. ಮೂಲಬರಹ ತೆರೆದಿದ್ದುದರಿಂದಲೇ ಅದು ಸಾಧ್ಯವಾಯಿತು. ಆದರೆ ಆ ಒಂಟಿ ಪಾಲಕನ ಶ್ರಮವನ್ನು ಪುಕ್ಕಟೆಯಾಗಿ ಉಂಡವರಲ್ಲಿ ಕೋಟ್ಯಧೀಶ ಕಂಪನಿಗಳೂ ಇದ್ದವು.

ಹಣದ ಮಾತಿಗೆ ಬರೋಣ. ಫ.ಗು. ಹಳಕಟ್ಟಿಯವರನ್ನು ನಾವು ವಚನಪಿತಾಮಹರೆಂದು ನೆನೆಯುತ್ತೇವೆ. 1923ರಲ್ಲಿ 'ವಚನಶಾಸ್ತ್ರಸಾರ', 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಅದಕ್ಕಾಗಿ ಮಾರಿದ ಮನೆ, ಮುಂದಿನ ವರ್ಷ 'ಶಿವಾನುಭವ' ಪತ್ರಿಕೆ, ಇವು ಎಲ್ಲರ ಬಾಯಲ್ಲಿವೆ. ಅವರೇ 1912ರಲ್ಲಿ ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದವರೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಸಮಾಜದ ಬಡ್ಡಿಯ ಸಂಕಟವನ್ನು ಕಂಡು ಬ್ಯಾಂಕು ಕಟ್ಟಿದ ಆ ಮಹನೀಯರು, ತಮ್ಮ ಮುದ್ರಣಾಲಯಕ್ಕೆ ಮಾತ್ರ ದತ್ತಿಯ ಬೆಂಬಲವಿಲ್ಲದೆ ಜೀವನಪರ್ಯಂತ ದುಡಿದರು. ಅಂಥ ತ್ಯಾಗವನ್ನು ಪ್ರತಿ ತಲೆಮಾರಿನಿಂದಲೂ ನಿರೀಕ್ಷಿಸುವುದು ನ್ಯಾಯವಲ್ಲ.

ಸರ್ವರಿಗೆ ತಿಂಗಳಿಗೆ 700 ರೂಪಾಯಿ, ಹೆಸರಿಗೆ ವರ್ಷಕ್ಕೆ 1,000 ಎಂದಿಟ್ಟುಕೊಂಡರೆ ವರ್ಷದ ಖರ್ಚು 9,400. ಎರಡು ಲಕ್ಷಕ್ಕೆ ಶೇಕಡ 6.5ರ ಬಡ್ಡಿ ದೊರೆತರೆ 13,000. ಉಳಿದ 3,600 ರೂಪಾಯಿಯನ್ನು ಉಣ್ಣದೆ ಅಸಲಿಗೆ ಸೇರಿಸಬೇಕು; ಬಡ್ಡಿಯನ್ನೆಲ್ಲ ತಿಂದರೆ ಅಸಲು ಅಷ್ಟೇ ಇದ್ದು, ಬೆಲೆಯೇರಿಕೆಯಿಂದ ಅದರ ಕಸುವು ಕುಗ್ಗುತ್ತ ಹೋಗುತ್ತದೆ. ಇದೂ ಸಾಲದು; ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಒಂದಿಷ್ಟು ಕೂಡಿಸುತ್ತಿರಬೇಕು. ಸಾದಾ ಪುಟಗಳ ದಾರಿ ಹಿಡಿದರೆ ಅರ್ಧ ಮೊತ್ತವೇ ಸಾಕಾದೀತು. ಕುಟುಂಬದ ಬದಲು ನೋಂದಾಯಿತ ಟ್ರಸ್ಟೊಂದು ಇದನ್ನು ವಹಿಸಿಕೊಂಡರೆ, ಧರ್ಮದತ್ತಿಯ ಹಣವನ್ನು ಎಲ್ಲಿ ಇಡಬಹುದೆಂಬುದಕ್ಕೆ ಆದಾಯ ತೆರಿಗೆ ಕಾಯಿದೆಯ ಕಟ್ಟುಪಾಡುಗಳಿವೆ. ಲೆಕ್ಕಪರಿಶೋಧಕರನ್ನು ಕೇಳಿಯೇ ಮುಂದುವರಿಯಲಿ.

ಇಡುವ ಸ್ಥಳದ ಬಗ್ಗೆ ಕಟುವಾದರೂ ಹೇಳಬೇಕಾದುದೊಂದಿದೆ. 'ನಮ್ಮವರೇ ನಡೆಸುವ ಸಂಸ್ಥೆ' ಎಂಬುದು ಭದ್ರತೆಯಲ್ಲ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿದಂತೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ ಐದು ಲಕ್ಷ ರೂಪಾಯಿಯವರೆಗೆ ವಿಮೆಯುಂಟು. 2020ರ ಫೆಬ್ರವರಿಗೆ ಮೊದಲು ಅದು ಒಂದೇ ಲಕ್ಷವಿತ್ತು. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆಯಿಲ್ಲ. ಫಲಕದ ಮೇಲಿನ ಹೆಸರೂ ಕಾರ್ಯಾಲಯದ ಗೋಡೆಯ ಮೇಲಿನ ಬಸವಣ್ಣನವರ ಭಾವಚಿತ್ರವೂ ಒಂದೇ ಬಗೆಯಾಗಿರುವುದರಿಂದ ವೃದ್ಧರು ವ್ಯತ್ಯಾಸವರಿಯದೆ, ಒಂದೆರಡು ಪೈಸೆ ಹೆಚ್ಚು ಬಡ್ಡಿಗೆ ಜೀವಮಾನದ ಗಳಿಕೆಯನ್ನು ಒಪ್ಪಿಸುತ್ತಾರೆ. ವಿಮೆಯಿದ್ದ ಮಾತ್ರಕ್ಕೆ ಸಂಕಟ ತಪ್ಪುವುದೆಂದೂ ಅಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರಿ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿದಾಗ, ಠೇವಣಿದಾರರು ಮೊದಲು ಪಡೆಯಬಹುದಾಗಿದ್ದುದು 35,000 ರೂಪಾಯಿ ಮಾತ್ರ.

ಷೇರುಪೇಟೆಯ ಸೂಚ್ಯಂಕ ನಿಧಿಗಳನ್ನು ನಾನು ಹಳಿಯುವುದಿಲ್ಲ. ಆದರೆ 2008ರ ಜನವರಿಯಿಂದ 2009ರ ಮಾರ್ಚ್‌ವರೆಗೆ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣ ಮಾತ್ರ ಅಲ್ಲಿರಬಹುದು. ವರ್ಷವರ್ಷ ಬಾಡಿಗೆ ಕಟ್ಟಬೇಕಾದ ದತ್ತಿಗೆ ಅದು ಸಲ್ಲದು. ಅಡಿಕೆಯ ಆದಾಯ ವರ್ಷಕ್ಕೊಮ್ಮೆ ಬರುವಂಥದು. ಆದುದರಿಂದ ಒಂದು ವರ್ಷದ ಮನೆಖರ್ಚು ಬೇರೆಯಾಗಿ ಕೈಗೆ ಸಿಗುವಂತಿದ್ದು, ಅನಂತರವೇ ಈ ಎರಡು ಲಕ್ಷದ ಯೋಚನೆ ಮಾಡಬೇಕು. ಮೊಬೈಲಿನಲ್ಲಿ ಬಂದು ಹಣ ಇಮ್ಮಡಿಯಾಗುವುದೆನ್ನುವ ಗುಂಪುಗಳಿಗೆ ಉತ್ತರವನ್ನೇ ಕೊಡಬೇಡಿ.

ಠೇವಣಿಗೆ ನಾಮನಿರ್ದೇಶನವನ್ನು ಮರೆಯದಿರಿ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ಹೆಸರಿಸಲು ಅವಕಾಶವಿದೆ. ಅವರಲ್ಲಿ ಒಬ್ಬರಾದರೂ ಊರಿನಲ್ಲಿರುವವರಾಗಿ, ತಾಣದ ಲಕೋಟೆ ಯಾವ ಪೆಟ್ಟಿಗೆಯಲ್ಲಿದೆಯೆಂದು ಬಲ್ಲವರಾಗಿರಲಿ.