ಸೂಜಿಮೊನೆಯ ಚಿಕಿತ್ಸೆಗೆ ವಿಮಾನ ಹತ್ತುವ ಮುನ್ನ

ಕೀಮೋ ಆಯಿತು, ರೇಡಿಯೇಷನ್ ಆಯಿತು, ಶಸ್ತ್ರಚಿಕಿತ್ಸೆಗೆ ಅವಕಾಶವಿಲ್ಲವೆಂದೂ ಆಯಿತು. ವೈದ್ಯರು ಫೈಲು ಮಡಚಿ "ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ" ಎಂದ ದಿನದಿಂದ ಕ್ಯಾನ್ಸರ್ ರೋಗಿಯ ಮನೆಗೆ ಸಲಹೆಗಳು ಬರತೊಡಗುತ್ತವೆ. ಒಬ್ಬರು ನಾಟಿ ಔಷಧಿಯ ಊರು ಹೇಳುತ್ತಾರೆ, ಇನ್ನೊಬ್ಬರು ಹರಕೆ ಹೇಳುತ್ತಾರೆ. ಓದಿದವರ ಮನೆಗಳಲ್ಲಿ ಈಗ ಮೂರನೆಯದೊಂದು ಸೇರಿಕೊಂಡಿದೆ: "ವಿದೇಶದಲ್ಲಿ ಕೊಯ್ಯದೆ, ಬರೀ ಸೂಜಿ ಚುಚ್ಚಿ ಗಡ್ಡೆ ಕರಗಿಸುತ್ತಾರಂತೆ." ಮೊದಲ ಎರಡನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ನಾವು ಮೂರನೆಯದಕ್ಕೆ ವಿಜ್ಞಾನವೆಂದು ತಲೆಬಾಗುತ್ತೇವೆ. ಅದು ವಿಜ್ಞಾನವೇ ಹೌದು. ಆದರೆ ಯಾರಿಗೆ, ಯಾವ ಹಂತದಲ್ಲಿ, ಎಷ್ಟರಮಟ್ಟಿಗೆ ಎಂದು ಕೇಳದೆ ಒಪ್ಪಿಕೊಂಡರೆ ವಿಜ್ಞಾನವೂ ಹರಕೆಯ ಸಾಲಿಗೇ ಸೇರುತ್ತದೆ. ಆ ಪ್ರಶ್ನೆಗಳನ್ನು ಬಂಧುಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ನಾನು ವೈದ್ಯನಲ್ಲ. ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ನಮ್ಮ ಮನೆಯಲ್ಲೇ ಈ ಪ್ರಶ್ನೆ ಎದ್ದಾಗ ಸಂಶೋಧನಾ ವರದಿಗಳನ್ನು ಓದಿದೆ, ತಜ್ಞರನ್ನು ಕಂಡು ಕೇಳಿದೆ. ತಿಳಿದಷ್ಟನ್ನು ಹೇಳುತ್ತೇನೆ.

ಈ ಚಿಕಿತ್ಸೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಕ್ಯಾನ್ ಯಂತ್ರದಲ್ಲಿ ನೋಡುತ್ತ, ಚರ್ಮದ ಮೂಲಕ ಸೂಜಿಯನ್ನು ಗಡ್ಡೆಯೊಳಕ್ಕೆ ಇಳಿಸಿ ಅಲ್ಲೇ ನಾಶಮಾಡುವುದು ಒಂದು. ಸುಡುವುದಾದರೆ ರೇಡಿಯೋ ಆವರ್ತನದ ವಿದ್ಯುತ್ತನ್ನೋ ಮೈಕ್ರೋವೇವನ್ನೋ ಬಳಸುತ್ತಾರೆ. ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿರುವ 2,450 ಮೆಗಾಹರ್ಟ್ಸ್ ಆವರ್ತನವೇ ಇಂಥ ಹಲವು ಯಂತ್ರಗಳಲ್ಲೂ ಇದೆ. ಹೆಪ್ಪುಗಟ್ಟಿಸಿ ಕೊಲ್ಲುವುದಾದರೆ ಅಧಿಕ ಒತ್ತಡದ ಆರ್ಗಾನ್ ಅನಿಲವನ್ನು ಸೂಜಿಯ ತುದಿಯಲ್ಲಿ ಹಿಗ್ಗಲು ಬಿಡುತ್ತಾರೆ. ಅಲ್ಲಿಯ ಉಷ್ಣಾಂಶ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿಳಿದು ಸುತ್ತಲಿನ ಜೀವಕೋಶಗಳು ಸಾಯುತ್ತವೆ. ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಓದುವ ಜೌಲ್-ಥಾಮ್ಸನ್ ಪರಿಣಾಮವೇ ಇದು.

ಎರಡನೆಯ ಬಗೆ ರಕ್ತನಾಳದ ಮೂಲಕ ನಡೆಯುವಂಥದು. ನೀರಾವರಿಯವನಾದ ನನಗೆ ಇದು ಬೇಗ ಅರ್ಥವಾಯಿತು. ಲಿವರ್‌ಗೆ ಎರಡು ಕಾಲುವೆಗಳಿಂದ ರಕ್ತ ಬರುತ್ತದೆ. ಆರೋಗ್ಯವಾಗಿರುವ ಭಾಗಕ್ಕೆ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದಿಂದ. ಗಡ್ಡೆಗೆ ಮಾತ್ರ ಬಹುಪಾಲು ಅಪಧಮನಿಯಿಂದ. ಆದ್ದರಿಂದ ತೊಡೆಯ ಸಂದಿನಿಂದಲೋ ಮಣಿಕಟ್ಟಿನಿಂದಲೋ ತೆಳುವಾದ ನಳಿಕೆ ತೂರಿಸಿ, ಗಡ್ಡೆಗೆ ರಕ್ತ ಉಣಿಸುವ ಹಂಚುಗಾಲುವೆಯನ್ನು ಹುಡುಕಿ, ಅಲ್ಲಿ ಕೀಮೋ ಔಷಧಿ ಬಿಟ್ಟು ತೂಬು ಮುಚ್ಚುತ್ತಾರೆ. ಇದನ್ನು ಟೇಸ್ ಎನ್ನುತ್ತಾರೆ. ಔಷಧಿಯ ಬದಲು ಯಿಟ್ರಿಯಂ-90 ತುಂಬಿದ ಸೂಕ್ಷ್ಮ ಕಣಗಳನ್ನು ಬಿಡುವುದೂ ಉಂಟು. ಅವುಗಳ ವಿಕಿರಣ ಸುಮಾರು 64 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ, ಕೆಲವೇ ಮಿಲಿಮೀಟರ್ ದೂರ ಹಾಯುತ್ತದೆ.

ಇವುಗಳಿಂದ ಬದುಕಿದವರಿದ್ದಾರೆ. ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್‌ಗೆ, ಆಯ್ದ ರೋಗಿಗಳಲ್ಲಿ, ಟೇಸ್ ಆಯುಷ್ಯವನ್ನು ಹೆಚ್ಚಿಸುತ್ತದೆಯೆಂದು 2002ರಲ್ಲಿ ಹಾಂಗ್‌ಕಾಂಗ್ ಮತ್ತು ಬಾರ್ಸಿಲೋನಾದ ಎರಡು ಪ್ರಯೋಗಗಳು ತೋರಿಸಿದವು. ದೊಡ್ಡ ಕರುಳಿನ ಕ್ಯಾನ್ಸರ್ ಲಿವರ್‌ಗಷ್ಟೇ ಹಬ್ಬಿ, ಒಂಬತ್ತಕ್ಕಿಂತ ಹೆಚ್ಚು ಗಂಟುಗಳಿಲ್ಲದ 119 ರೋಗಿಗಳ ಮೇಲೆ ಯುರೋಪಿನಲ್ಲಿ ಒಂದು ಪ್ರಯೋಗ ನಡೆಯಿತು. ಎಂಟು ವರ್ಷಗಳ ನಂತರ, ಕೀಮೋ ಜೊತೆಗೆ ಗಡ್ಡೆಗಳನ್ನು ಸುಡಿಸಿಕೊಂಡವರಲ್ಲಿ ಶೇ. 35.9ರಷ್ಟು ಜನ ಬದುಕಿದ್ದರು; ಕೀಮೋ ಮಾತ್ರ ಪಡೆದವರಲ್ಲಿ ಶೇ. 8.9ರಷ್ಟು. ಪ್ರಯೋಗ ಚಿಕ್ಕದು, ಅಂತರ ದೊಡ್ಡದು.

ಹಾಗಾದರೆ ತಕರಾರು ಏನು? ನನ್ನ ಕಸುಬಿನ ಉದಾಹರಣೆಯನ್ನೇ ಕೊಡುತ್ತೇನೆ. ಕೆರೆಯ ಏರಿಯಲ್ಲಿ ಒಂದು ಕಡೆ ನೀರು ಸೋರಿದರೆ ಅಲ್ಲಿ ಗ್ರೌಟಿಂಗ್ ಮಾಡಿ ನಿಲ್ಲಿಸಬಹುದು. ಏರಿಯ ಉದ್ದಕ್ಕೂ ನೀರು ಜಿನುಗುತ್ತಿದ್ದರೆ, ಕಣ್ಣಿಗೆ ಕಂಡ ಒಂದು ತೂತನ್ನು ಎಷ್ಟು ಚೆನ್ನಾಗಿ ಮುಚ್ಚಿದರೂ ಏರಿ ಉಳಿಯುವುದಿಲ್ಲ. ಸೂಜಿ, ನಳಿಕೆ ಎರಡೂ ಒಂದು ಜಾಗದ ಚಿಕಿತ್ಸೆಗಳು. ಮೈಯಲ್ಲೆಲ್ಲ ಹಬ್ಬಿದ ರೋಗವನ್ನು ಅವು ತಡೆಯಲಾರವು. ಗಡ್ಡೆಯ ಅಳತೆಯೂ ಮುಖ್ಯ. ಸುಡುವ ಚಿಕಿತ್ಸೆ ಮೂರು ಸೆಂಟಿಮೀಟರ್ ಒಳಗಿನ ಗಡ್ಡೆಗೆ ಚೆನ್ನಾಗಿ ನಾಟುತ್ತದೆ. ಪಕ್ಕದಲ್ಲಿ ದೊಡ್ಡ ರಕ್ತನಾಳವಿದ್ದರೆ ಹರಿಯುವ ರಕ್ತವೇ ಶಾಖವನ್ನು ಕೊಂಡೊಯ್ದು ಅಂಚಿನ ಕೋಶಗಳು ಉಳಿದುಬಿಡುತ್ತವೆ. ನಮ್ಮ ದುಃಖದ ಸಂಗತಿಯೆಂದರೆ, ಕೀಮೋ ಸೋತ ಮೇಲೆ ವಿದೇಶದ ವಿಚಾರ ಮಾಡುವ ಹೊತ್ತಿಗೆ ಬಹಳಷ್ಟು ರೋಗಿಗಳ ಕಾಯಿಲೆ ಒಂದು ಜಾಗ ದಾಟಿರುತ್ತದೆ.

ಇನ್ನೊಂದು ಮಾತು ಅಳತೆಗೋಲಿನದು. ಕರಪತ್ರಗಳಲ್ಲಿ ಎರಡು ಸ್ಕ್ಯಾನ್ ಚಿತ್ರ ಹಾಕಿರುತ್ತಾರೆ: ಚಿಕಿತ್ಸೆಗೆ ಮುಂಚೆ ದೊಡ್ಡ ಗಡ್ಡೆ, ನಂತರ ಚಿಕ್ಕದು. ಗಡ್ಡೆ ಕುಗ್ಗಿದರೆ ಆಯುಷ್ಯ ಹಿಗ್ಗಿತೆಂದು ನಾವು ತಿಳಿಯುತ್ತೇವೆ. 2017ರಲ್ಲಿ ಪ್ರಕಟವಾದ, ಮೂರು ಪ್ರಯೋಗಗಳ 1,103 ರೋಗಿಗಳ ಲೆಕ್ಕವನ್ನು ನೋಡಿ. ಕರುಳಿನ ಕ್ಯಾನ್ಸರ್ ಲಿವರ್‌ಗೆ ಹಬ್ಬಿದವರಿಗೆ ಮೊದಲ ಹಂತದ ಕೀಮೋ ಜೊತೆಗೇ ಯಿಟ್ರಿಯಂ ಕಣಗಳನ್ನು ಕೊಟ್ಟರು. ಲಿವರ್‌ನಲ್ಲಿ ರೋಗ ಹೆಚ್ಚು ಹತೋಟಿಗೆ ಬಂತು. ಆದರೆ ಬದುಕಿನ ಸರಾಸರಿ ಲೆಕ್ಕ ಕಣ ಪಡೆದವರಲ್ಲಿ 22.6 ತಿಂಗಳು, ಪಡೆಯದವರಲ್ಲಿ 23.3 ತಿಂಗಳು. ಚಿತ್ರ ಸುಧಾರಿಸಿತು, ಆಯುಷ್ಯ ಅಷ್ಟೇ ಉಳಿಯಿತು.

"ಸಣ್ಣ ರಂಧ್ರವಾದರೆ ಒಳ್ಳೆಯದೇ" ಎಂಬ ನಂಬಿಕೆಗೂ ಒಂದು ಎಚ್ಚರಿಕೆ ಬಂದಿದೆ. ಇದು ಸೂಜಿಯ ಚಿಕಿತ್ಸೆಯದಲ್ಲ, ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆಯದು. ಗರ್ಭಕಂಠದ ಕ್ಯಾನ್ಸರ್‌ನ ಆರಂಭದ ಹಂತದಲ್ಲಿದ್ದ 631 ಮಹಿಳೆಯರ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಹೊಟ್ಟೆ ತೆರೆದು ಗರ್ಭಕೋಶ ತೆಗೆದವರಲ್ಲಿ ಮೂರು ವರ್ಷಗಳ ನಂತರ ಶೇ. 99ರಷ್ಟು ಮಹಿಳೆಯರು ಬದುಕಿದ್ದರು. ಸಣ್ಣ ರಂಧ್ರ ಅಥವಾ ರೋಬೋಟ್ ಮೂಲಕ ತೆಗೆದವರಲ್ಲಿ ಶೇ. 93.8ರಷ್ಟು. ಇದನ್ನು ನಡೆಸಿದ ತಜ್ಞರೇ ಫಲಿತಾಂಶ ಕಂಡು ಬೆರಗಾದರು. ಗಾಯ ಚಿಕ್ಕದಾದರೆ ನೋವು ಕಡಿಮೆ, ಮನೆಗೆ ಬೇಗ ಬರಬಹುದು. ರೋಗ ಬೇರುಸಹಿತ ಹೋಯಿತೇ ಎನ್ನುವುದು ಬೇರೆಯೇ ಪ್ರಶ್ನೆ.

ಹಣ, ಹೆಸರು, ಪ್ರಭಾವ ಇದ್ದವರಿಗೂ ಈ ದಾರಿ ಎಷ್ಟು ಕಠಿಣವೆಂಬುದಕ್ಕೆ ಅಮೆರಿಕದ ನಟಿ ಫರಾ ಫಾಸೆಟ್ ಅವರ ಕಥೆ ಇದೆ. 2006ರಲ್ಲಿ ಅವರಿಗೆ ಗುದದ್ವಾರದ ಕ್ಯಾನ್ಸರ್ ಪತ್ತೆಯಾಯಿತು. ಕೀಮೋ, ರೇಡಿಯೇಷನ್ ಪಡೆದು 2007ರ ಫೆಬ್ರುವರಿಯಲ್ಲಿ ಗುಣವಾಯಿತೆನಿಸಿಕೊಂಡರು. ಕೆಲವೇ ತಿಂಗಳಲ್ಲಿ ರೋಗ ಮರಳಿತು, ಲಿವರ್‌ಗೂ ಹಬ್ಬಿತು. ಅವರು ಮತ್ತೆ ಮತ್ತೆ ಜರ್ಮನಿಗೆ ಹೋಗಿ, ರಕ್ತನಾಳದ ಮೂಲಕ ಗಡ್ಡೆಗೇ ಔಷಧಿ ಹಾಯಿಸುವ, ನಾಳ ಮುಚ್ಚುವ ಚಿಕಿತ್ಸೆಗಳನ್ನು ಪಡೆದರು. ಆ ಹೋರಾಟವನ್ನು ತಾವೇ ಚಿತ್ರೀಕರಿಸಿಕೊಂಡರು. 2009ರ ಮೇ ತಿಂಗಳಲ್ಲಿ ಅಮೆರಿಕದ ಟೀವಿಯಲ್ಲಿ ಅದು ಪ್ರಸಾರವಾಯಿತು. ಜೂನ್ 25ರಂದು, ಮೈಕೆಲ್ ಜಾಕ್ಸನ್ ತೀರಿಕೊಂಡ ದಿನವೇ, ಅವರೂ ತೀರಿಕೊಂಡರು. ಆ ಪ್ರಯಾಣಗಳು ಅವರಿಗೆ ಒಂದಿಷ್ಟು ಕಾಲ ಕೊಟ್ಟಿರಬಹುದು. ಒಬ್ಬರ ಕಥೆಯಿಂದ ಅದನ್ನು ಹೇಳಲಾಗದು. ಹಾಗೆಯೇ, "ನಮ್ಮವರೊಬ್ಬರು ಹೋಗಿ ಗುಣವಾಗಿ ಬಂದರು" ಎಂಬ ಒಬ್ಬರ ಕಥೆಯಿಂದಲೂ ಹೇಳಲಾಗದು. ಅದಕ್ಕೇ ನೂರಾರು ಜನರ ಲೆಕ್ಕ ಬೇಕಾಗುವುದು.

ಈಗ ನಮ್ಮ ಮನೆಯ ಮಾತು. ನಮ್ಮಣ್ಣನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಎರಡು ಬಗೆಯ ಕೀಮೋ ಸೋತವು. ವಿದೇಶಿ ಆಸ್ಪತ್ರೆಯೊಂದರ ಏಜೆಂಟ್ ಮನೆಗೇ ಬಂದ. ಮೊದಲ ಕಂತಿಗೇ ಮೂವತ್ತು ಲಕ್ಷದ ಅಂದಾಜುಪಟ್ಟಿ ಕೊಟ್ಟ. ಅಣ್ಣನ ಮಗ ನಾಲ್ಕು ಎಕರೆ ಮಾರಲು ಸಿದ್ಧನಾದ. "ಕಾಕಾ, ದುಡ್ಡು ಹೋದ್ರ ಹೋಗ್ಲಿ, ಮಂದಿ ನಾಳೆ ಏನಂತಾರ?" ಎಂದ. ನಾನು ಸ್ಕ್ಯಾನ್ ಸಿ.ಡಿ. ಹಿಡಿದುಕೊಂಡು ಬೆಂಗಳೂರಿನಲ್ಲಿ ಇದೇ ಚಿಕಿತ್ಸೆ ಮಾಡುವ ತಜ್ಞರೊಬ್ಬರ ಬಳಿ ಹೋದೆ. ಅವರು ನೋಡಿ, "ಲಿವರ್‌ನಲ್ಲಿ ಎರಡೋ ಮೂರೋ ಇದ್ದಿದ್ದರೆ ನಾನೇ ಇಲ್ಲೇ ಸುಡುತ್ತಿದ್ದೆ. ಹನ್ನೊಂದಿವೆ. ಶ್ವಾಸಕೋಶದಲ್ಲೂ ಬಂದಿದೆ" ಎಂದರು. ಮನೆಗೆ ಬಂದು ಎಲ್ಲವನ್ನೂ ಅಣ್ಣನ ಮುಂದೆಯೇ ಹೇಳಿದೆವು. ಅಣ್ಣ ಒಂದೇ ಪ್ರಶ್ನೆ ಕೇಳಿದ: "ತಮ್ಮಾ, ಅಲ್ಲಿ ಹೋಗಿ ಬಂದ್ರ ಎಷ್ಟ್ ದಿನಾ ಹೆಚ್ಚ್ ಸಿಗತಾವು? ಅದನ್ನ ಹೇಳ್ರಿ ಮೊದ್ಲ." ಅದೇ ಪ್ರಶ್ನೆಯನ್ನು ಏಜೆಂಟ್ ಮುಂದಿಟ್ಟೆವು. ಆತ ಕೋಣೆಯ ಸೌಕರ್ಯ, ಊಟ, ದುಭಾಷಿಯ ಬಗ್ಗೆ ಹೇಳಿದ. ದಿನಗಳ ಲೆಕ್ಕ ಹೇಳಲಿಲ್ಲ. ಅಣ್ಣ ಹೋಗುವುದಿಲ್ಲವೆಂದ. ಐದು ತಿಂಗಳು ಮನೆಯಲ್ಲಿದ್ದು, ಎರಡು ಸಲ ಹೊಲಕ್ಕೂ ಹೋಗಿಬಂದು, ಲಿಂಗೈಕ್ಯನಾದ. ಹೋಗಿದ್ದರೆ ಏನಾಗುತ್ತಿತ್ತೋ ಎಂದು ಮಗ ಈಗಲೂ ಒಮ್ಮೊಮ್ಮೆ ಕೇಳುತ್ತಾನೆ. ಅವನ ದುಃಖವನ್ನು ನಾನು ಯಾವ ಅಂಕಿಯಿಂದಲೂ ತಣಿಸಲಾರೆ. ಆದರೆ ನಿರ್ಧಾರ ಅವರಪ್ಪನದೇ ಆಗಿತ್ತು ಎಂಬುದು ಅವನಿಗೂ ಗೊತ್ತು.

ವಿದೇಶಕ್ಕೆ ಹೋಗಲೇಬಾರದೆಂದು ನಾನು ಹೇಳುತ್ತಿಲ್ಲ. ಇಲ್ಲಿಲ್ಲದ ಚಿಕಿತ್ಸೆ ಅಲ್ಲಿದ್ದು, ನಮ್ಮ ರೋಗಕ್ಕೆ ಅದು ಹೊಂದುತ್ತದೆಂದು ಇಲ್ಲಿಯ ತಜ್ಞರೂ ಒಪ್ಪಿದರೆ, ಶಕ್ತಿಯಿದ್ದವರು ಹೋಗಬೇಕು. ಆದರೆ "ಇಲ್ಲಿಲ್ಲ" ಎಂಬುದನ್ನು ಮೊದಲು ಪರೀಕ್ಷಿಸಿ. ಸೂಜಿಯಿಂದ ಸುಡುವುದು, ಟೇಸ್, ಯಿಟ್ರಿಯಂ ಕಣ ಎಲ್ಲವೂ ಬೆಂಗಳೂರು, ಮುಂಬೈಗಳಲ್ಲೇ ಇವೆ. ಇವನ್ನು ಮಾಡುವವರು ಇಂಟರ್ವೆನ್ಷನಲ್ ರೇಡಿಯಾಲಜಿ ತಜ್ಞರು; ಕ್ಯಾನ್ಸರ್ ವೈದ್ಯರ ಜೊತೆಗೆ ಅವರನ್ನೂ ಒಮ್ಮೆ ಕೇಳಬೇಕೆಂಬುದೇ ಎಷ್ಟೋ ಕುಟುಂಬಗಳಿಗೆ ತಿಳಿದಿಲ್ಲ. ನ್ಯೂರೋಎಂಡೋಕ್ರೈನ್ ಎಂಬ ವಿರಳ ಗಡ್ಡೆಗೆ ಲುಟೇಷಿಯಂ-177 ಚಿಕಿತ್ಸೆ ಪಡೆಯಲು ಹಿಂದೆ ಜನ ಜರ್ಮನಿಗೆ ಹೋಗುತ್ತಿದ್ದರು. ಇಂದು ಆ ಲುಟೇಷಿಯಂ ನಮ್ಮದೇ ಟ್ರಾಂಬೆಯ ಧ್ರುವ ರಿಯಾಕ್ಟರ್‌ನಲ್ಲಿ ತಯಾರಾಗುತ್ತದೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆ ಮತ್ತು ರಾಷ್ಟ್ರೀಯ ಕ್ಯಾನ್ಸರ್ ಜಾಲದ ತಜ್ಞರ ಅಭಿಪ್ರಾಯವನ್ನು ಮನೆಯಲ್ಲೇ ಕುಳಿತು, ವರದಿಗಳನ್ನು ಕಳುಹಿಸಿ ಪಡೆಯಲು "ನವ್ಯ" ಎಂಬ ಸೇವೆಯಿದೆ. ಜಮೀನು ಮಾರುವ ಮುನ್ನ ಆ ಎರಡನೇ ಅಭಿಪ್ರಾಯ ಕೈಯಲ್ಲಿರಲಿ.

ನಾವು ಸೇತುವೆಯ ಟೆಂಡರ್ ಕರೆದಾಗಲೂ ಗುತ್ತಿಗೆದಾರನ ಬಣ್ಣದ ಚಿತ್ರ ನೋಡಿ ಕೆಲಸ ಕೊಡುವುದಿಲ್ಲ. ಇಲ್ಲಿಯೂ ಲಿಖಿತ ಉತ್ತರ ಕೇಳಿ. ರೋಗ ಎಲ್ಲೆಲ್ಲಿ ಹಬ್ಬಿದೆ, ಅದರಲ್ಲಿ ಎಷ್ಟನ್ನು ಈ ಚಿಕಿತ್ಸೆ ಮುಟ್ಟುತ್ತದೆ? ನಮ್ಮಂಥ ರೋಗಿಗಳಲ್ಲಿ ಇದು ಆಯುಷ್ಯ ಹೆಚ್ಚಿಸಿದ್ದಕ್ಕೆ ಪ್ರಕಟವಾದ ಆಧಾರವೇನು? ಎಷ್ಟು ಸಲ ಹೋಗಬೇಕು, ಕೊನೆಯ ಕಂತಿನವರೆಗಿನ ಒಟ್ಟು ಖರ್ಚೆಷ್ಟು? ಚಿಕಿತ್ಸೆಯ ನಂತರ ಜ್ವರ, ನೋವು ಬರುವುದುಂಟು, ಕೆಲವರಿಗೆ ಲಿವರ್‌ನಲ್ಲಿ ಕೀವೂ ಆಗುತ್ತದೆ. ಊರಿಗೆ ಮರಳಿದ ಮೇಲೆ ಅದನ್ನು ನೋಡುವ ವೈದ್ಯರು ಯಾರು? ಈ ನಾಲ್ಕಕ್ಕೆ ನೇರ ಉತ್ತರ ಕೊಡದ ಆಸ್ಪತ್ರೆ ಯಾವ ದೇಶದಲ್ಲಿದ್ದರೂ ಅಲ್ಲಿಗೆ ಹೋಗಬೇಡಿ. ಐದನೆಯ ಪ್ರಶ್ನೆ ರೋಗಿಗೆ: ನಿಮಗೇನು ಬೇಕು? ಬಹಳಷ್ಟು ಮನೆಗಳಲ್ಲಿ ಎಲ್ಲರನ್ನೂ ಕೇಳಿ, ಮಲಗಿದವರನ್ನೇ ಕೇಳುವುದಿಲ್ಲ.

ಈ ವಿಚಾರದಲ್ಲಿ ಸಮಾಜದ ಪಾಲೂ ಇದೆ. "ಹಣವಿದ್ದೂ ಕಳಿಸಲಿಲ್ಲ" ಎಂಬ ಮಾತಿಗೆ ಹೆದರಿ ಹೊಲ ಮಾರಿದವರು ನಮ್ಮ ನಡುವೆ ಇದ್ದಾರೆ. ಮಕ್ಕಳ ಪ್ರೀತಿಯನ್ನು ವಿಮಾನದ ಟಿಕೆಟ್‌ನಿಂದ ಅಳೆಯುವುದನ್ನು ನಾವು ಬಿಡಬೇಕು. ವಿದೇಶದ ಚಿಕಿತ್ಸೆಗೆ ಸಹಾಯ ಕೇಳಿ ಕುಟುಂಬಗಳು ಮಠಗಳಿಗೂ ಬರುತ್ತವೆ. ಪೂಜ್ಯರು ಆಶೀರ್ವಾದದ ಜೊತೆಗೆ "ಎರಡನೇ ಅಭಿಪ್ರಾಯ ತೆಗೆದುಕೊಂಡಿದ್ದೀರಾ?" ಎಂದು ಒಂದು ಮಾತು ಕೇಳಿದರೆ ಎಷ್ಟೋ ಮನೆಗಳು ಉಳಿಯುತ್ತವೆ. ಮಾಸಿಕ ಶಿವಾನುಭವ ಗೋಷ್ಠಿಗೆ ವರ್ಷಕ್ಕೊಮ್ಮೆಯಾದರೂ ಕ್ಯಾನ್ಸರ್ ತಜ್ಞರನ್ನು ಕರೆಸಿ ಈ ವಿಷಯ ಮಾತನಾಡಿಸುವುದು ಕಷ್ಟವೇನಲ್ಲ.

ಕೊನೆಯದಾಗಿ, "ಇನ್ನೇನೂ ಇಲ್ಲ" ಎಂಬ ಮಾತೂ ನಿಜವಲ್ಲ. ಬಾಸ್ಟನ್‌ನಲ್ಲಿ ಹಬ್ಬಿದ ಶ್ವಾಸಕೋಶ ಕ್ಯಾನ್ಸರ್‌ನ 151 ರೋಗಿಗಳ ಪ್ರಯೋಗವೊಂದು ನಡೆದು 2010ರಲ್ಲಿ ಪ್ರಕಟವಾಯಿತು. ನೋವು, ಉಸಿರಾಟ, ಮನಸ್ಸು ನೋಡಿಕೊಳ್ಳುವ ಉಪಶಮನ ಆರೈಕೆಯನ್ನು ಮೊದಲಿನಿಂದಲೇ ಪಡೆದವರು 11.6 ತಿಂಗಳು ಬದುಕಿದರು, ಮಾಮೂಲಿ ಚಿಕಿತ್ಸೆಯವರು 8.9 ತಿಂಗಳು, ಅದೂ ಉಪಶಮನದ ಗುಂಪಿನಲ್ಲಿ ಕೊನೆಗಾಲದ ಉಗ್ರ ಚಿಕಿತ್ಸೆ ಕಡಿಮೆಯಿತ್ತು. 2014ರ ಕಾನೂನು ತಿದ್ದುಪಡಿಯಿಂದ ನೋವಿನ ಮಾರ್ಫಿನ್ ಸಿಗುವುದೂ ಸುಲಭವಾಗಿದೆ. ಬೆಂಗಳೂರಿನ ಕರುಣಾಶ್ರಯ ಇಂಥ ಆರೈಕೆಯನ್ನು ಉಚಿತವಾಗಿ ಕೊಡುತ್ತ ಬಂದಿದೆ. ನಮ್ಮ ಜಿಲ್ಲೆಗಳಲ್ಲಿ ಇಂಥದ್ದು ವಿರಳ. ಮಠಗಳು ನಡೆಸುವ ಆಸ್ಪತ್ರೆಗಳು ನಾಲ್ಕು ಹಾಸಿಗೆ, ಮನೆಮನೆಗೆ ಹೋಗುವ ಒಬ್ಬ ನರ್ಸ್, ಮಾರ್ಫಿನ್ ಪರವಾನಗಿ, ಇಷ್ಟರಿಂದ ಶುರುಮಾಡಲಿ. ವಿದೇಶಕ್ಕೆ ಹೋಗುವ ಒಬ್ಬ ರೋಗಿಯ ಖರ್ಚಿನಲ್ಲಿ ಒಂದು ತಾಲೂಕಿನ ಎಷ್ಟೋ ರೋಗಿಗಳು ನೋವಿಲ್ಲದೆ, ತಮ್ಮ ಮನೆಯ ಪಡಸಾಲೆಯಲ್ಲಿ, ತಮ್ಮವರ ನಡುವೆ ಇರಬಹುದು.