ಬುನಾದಿಗೆ ಮುಂಚಿನ ಕೆಲಸ

ಸಿಂದಗಿ ತಾಲ್ಲೂಕಿನ ಯಂಕಂಚಿಯಿಂದ ಮೊದಲುಗೊಂಡು ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯವರೆಗೆ ಹರಡಿರುವ ಎರೆಭೂಮಿಯ ಗ್ರಾಮಗಳಲ್ಲಿ ಸಂಚರಿಸಿದವರಿಗೆ, ಗೋಡೆಗಳು ಬಾಗಿಲ ಎತ್ತರಕ್ಕೆ ಬಂದು ನಿಂತುಹೋದ, ಇಲ್ಲವೆ ಛತ್ತು ಹಾಕಿದ್ದರೂ ಗಿಲಾವನ್ನೂ ಕಿಟಕಿಯ ಕದವನ್ನೂ ಕಾಣದ, ಕಂಬಗಳ ತಲೆಯ ಮೇಲೆ ಕಬ್ಬಿಣದ ಸರಳುಗಳು ವರ್ಷಗಟ್ಟಲೆ ತುಕ್ಕು ಹಿಡಿಯುತ್ತ ನಿಂತ ಮನೆಗಳು ಅಲ್ಲಲ್ಲಿ ಎದುರಾಗುವುವು. ಇದನ್ನು ಬಡತನದ ಫಲವೆಂದು ನುಡಿದು ಮುಂದೆ ಸಾಗುವುದು ರೂಢಿ. ಬಡತನವು ಸುಳ್ಳಲ್ಲ, ಆದರೆ ಅಂತಹ ಮನೆಯೊಂದರಲ್ಲಿ ಈಗಾಗಲೇ ಹೂತುಹೋಗಿರುವ ಸಿಮೆಂಟು, ಉಸುಕು, ಕಬ್ಬಿಣ, ಕೂಲಿಗಳ ಬೆಲೆಯನ್ನು ಯಾರಾದರೂ ಸಮಾಧಾನದಿಂದ ಕೂಡಿಸಿ ನೋಡಿದರೆ, ಅದೇ ಹಣದಿಂದ ಎರಡು ಕೋಣೆಯ, ಅಡಿಗೆಮನೆ ಬಚ್ಚಲುಗಳಿಂದ ಕೂಡಿದ, ಸಣ್ಣದಾದರೂ ಸಂಪೂರ್ಣವಾದ ಗೃಹವೊಂದು ಸಿದ್ಧವಾಗಬಹುದಾಗಿತ್ತೆಂಬುದು ಎಷ್ಟೋ ಸಂದರ್ಭಗಳಲ್ಲಿ ತಿಳಿದುಬರುವುದು. ಗುದ್ದಲಿಪೂಜೆಗೆ ಮೊದಲೇ ಆಗಬೇಕಾದ ನಕ್ಷೆ, ಅಂದಾಜುಪಟ್ಟಿ, ಕಾಲಕ್ರಮಗಳ ನಿಶ್ಚಯವು ಆಗದೆ ಹೋದುದೇ ಈ ಅಪೂರ್ಣತೆಯ ಪ್ರಧಾನ ಕಾರಣವೆಂದೂ, ಆ ಕಾರ್ಯಕ್ಕೆ ನೆರವಾಗುವುದನ್ನು ಗ್ರಾಮ ಪಂಚಾಯತಿಯು ತನ್ನ ಕರ್ತವ್ಯವೆಂದು ವಹಿಸಿಕೊಳ್ಳತಕ್ಕದ್ದೆಂದೂ ನಾನು ನಂಬಿದ್ದೇನೆ.

ಕೆಲಸ ಬಲ್ಲವರ ಅಭಾವವೆಂಬ ಮಾತು ಈ ಸೀಮೆಗೆ ಸಲ್ಲದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಳೆ ಹೋಗುವ ನಮ್ಮ ಜನರು ಗೋವೆ, ಪುಣೆ, ಮುಂಬಯಿ, ಬೆಂಗಳೂರುಗಳ ಬಹುಮಹಡಿ ಸೌಧಗಳಿಗೆ ಸೆಂಟ್ರಿಂಗ್ ಕಟ್ಟಿ, ಸರಳು ಹೆಣೆದು, ಕಾಂಕ್ರೀಟು ಹೊತ್ತು, ಗೋಡೆ ನುಣುಪು ಮಾಡಿ ಬರುವರು. ನಕ್ಷೆಯ ಪ್ರಕಾರ ಅಳತೆ ಹಿಡಿಯುವುದು, ಒಂದು ಕೆಲಸ ಮುಗಿಯುವ ಹೊತ್ತಿಗೆ ಮುಂದಿನ ಕೆಲಸದ ಸಾಮಗ್ರಿಯನ್ನು ತಂದಿರಿಸುವುದು, ದಿನದಿನದ ಲೆಕ್ಕವನ್ನು ಅಂದಂದೇ ಬರೆಯುವುದು, ಇವೆಲ್ಲವೂ ಅವರ ಕಣ್ಣೆದುರೇ ನಡೆಯತಕ್ಕವು. ಅದೇ ಕೈಗಳು ಊರಿಗೆ ಮರಳಿ ಸ್ವಂತ ಮನೆಗೆ ತೊಡಗಿದಾಗ ಮಾತ್ರ ನಕ್ಷೆಯು ಗೌಂಡಿಯ ಮನಸ್ಸಿನಲ್ಲಿಯೂ ಲೆಕ್ಕವು ಯಜಮಾನನ ನೆನಪಿನಲ್ಲಿಯೂ ಉಳಿದುಬಿಡುವುದು ನನಗೆ ಬಹಳ ವ್ಯಥೆಯನ್ನುಂಟುಮಾಡುವ ಸಂಗತಿ.

ನಮ್ಮ ಜಿಲ್ಲೆಯ ಪರಂಪರೆಯಾದರೂ ಹೀಗಿರಲಿಲ್ಲ. ವಿಜಯಪುರದ ಇಬ್ರಾಹೀಂ ರೋಜಾದಲ್ಲಿ ಕೆತ್ತಿರುವ ಪಾರಸಿ ಶಾಸನವು ಆ ಕಟ್ಟಡದ ಹೊಣೆ ಹೊತ್ತ ಮಲಿಕ್ ಸಂದಲನ ಹೆಸರನ್ನು ಮಾತ್ರವಲ್ಲದೆ ಅದಕ್ಕೆ ತಗುಲಿದ ಸುಮಾರು ಒಂದೂವರೆ ಲಕ್ಷ ಹೊನ್ನಿನ ವೆಚ್ಚವನ್ನೂ ದಾಖಲಿಸಿದೆ. ಕಟ್ಟಿದವನಾರು, ಎಷ್ಟರಲ್ಲಿ ಕಟ್ಟಿದನು ಎಂಬ ಎರಡು ಪ್ರಶ್ನೆಗಳಿಗೆ ಸುಮಾರು ನಾಲ್ಕು ಶತಮಾನಗಳ ಅನಂತರವೂ ಆ ಕಲ್ಲು ಉತ್ತರ ಕೊಡುತ್ತಿರುವುದು. ಆದರೆ ಅದೇ ನಗರದಲ್ಲಿ ಎರಡನೆಯ ಅಲಿ ಆದಿಲಶಾಹನು, ತನ್ನ ತಂದೆಯ ಗೋಳಗುಮ್ಮಟವನ್ನು ಮೀರಿಸುವ ಹಂಬಲದಿಂದ ತೊಡಗಿದನೆಂದು ಹೇಳಲಾಗುವ ಬಾರಾ ಕಮಾನು, 1672ರಲ್ಲಿ ಆತನು ತೀರಿಕೊಂಡ ಮೇಲೆ ಪೂರ್ಣಗೊಳ್ಳದೆ ಬರಿಯ ಕಮಾನುಗಳಾಗಿ ನಿಂತಿದೆ. ಸುಲ್ತಾನನಿಗೇ ಮುಗಿಸಲಾಗದೆ ಹೋದುದನ್ನು ಕಂಡೂ ನಮ್ಮ ಗೃಹಸ್ಥರು ನೆರೆಯವನ ಮನೆಗಿಂತ ಎರಡು ಅಂಕಣ ಹೆಚ್ಚಾಗಿರಲೆಂದು ಬುನಾದಿಯನ್ನು ಹಿಗ್ಗಿಸುವುದು ವಿವೇಕವೆನಿಸದು.

ಇನ್ನು ಭೂಮಿಯ ವಿಚಾರ. ಯೋಜನೆಯಿಲ್ಲದವನನ್ನು ಎರೆಮಣ್ಣು ದಂಡಿಸುವಷ್ಟು ಬೇರಾವ ಮಣ್ಣೂ ದಂಡಿಸಲಾರದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಿಗೆಯಲ್ಲಿ ಒಣಗಿ ಕಾಲು ಇಳಿಯುವಷ್ಟು ಅಗಲವಾಗಿ ಬಿರಿಯುವುದು ಇದರ ಸ್ವಭಾವ. ಈ ಏರಿಳಿತಕ್ಕೆ ಸಿಕ್ಕ ಆಳಸಾಲದ ಬುನಾದಿಯು ಒಂದು ಮೂಲೆಯಲ್ಲಿ ಎದ್ದು ಇನ್ನೊಂದು ಮೂಲೆಯಲ್ಲಿ ಕುಸಿಯಲಾಗಿ, ಕಿಟಕಿಯ ಮೂಲೆಗಳಿಂದ ಓರೆಯಾಗಿ ಬಿರುಕುಗಳು ಏಳುವುವು. ಆದುದರಿಂದ ಎರೆಯನ್ನು ತೆಗೆದು ಗರಸು ಸಿಕ್ಕುವವರೆಗೆ ಅಗೆಯಬೇಕೆಂದು ಹಿರಿಯ ಗೌಂಡಿಗಳು ಹೇಳುವ ಮಾತು ಶಾಸ್ತ್ರಸಮ್ಮತವಾದದ್ದೇ ಆಗಿದೆ. ಗರಸು ತೀರ ಆಳದಲ್ಲಿರುವ ಕಡೆ, ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯು ಕಪ್ಪುಮಣ್ಣಿಗಾಗಿಯೇ ರೂಪಿಸಿದ, ತಳದಲ್ಲಿ ಗಂಟೆಯಂತೆ ಅಗಲಗೊಳಿಸಿದ ಕಾಂಕ್ರೀಟು ಕಂಬಗಳನ್ನು ಸುಮಾರು ಮೂರೂವರೆ ಮೀಟರು ಆಳಕ್ಕೆ ಇಳಿಸಿ, ಅವುಗಳ ಮೇಲೆ ಬೀಮು ಹಾಯಿಸಿ ಗೋಡೆ ಏರಿಸುವ ವಿಧಾನವುಂಟು; ಅಷ್ಟು ಆಳದಲ್ಲಿ ಋತುಗಳ ಒಣಗು ತೇವಗಳ ಪ್ರಭಾವ ಅತ್ಯಲ್ಪ. ಬಚ್ಚಲ ನೀರು ಗೋಡೆಯ ಬುಡದಲ್ಲಿಯೇ ಇಂಗದಂತೆ ದೂರ ಹರಿಸುವುದೂ, ಮನೆಯ ಸುತ್ತ ಫರಸಿ ಹಾಸಿ ಮಳೆಯ ನೀರನ್ನು ಹೊರಕ್ಕೆ ಇಳಿಜಾರು ಮಾಡುವುದೂ ಅಷ್ಟೇ ಮುಖ್ಯ. ಇವಾವುವೂ ವಿಶೇಷ ಖರ್ಚಿನ ಸಂಗತಿಗಳಲ್ಲ, ಆದರೆ ಬುನಾದಿ ಮುಚ್ಚಿದ ಮೇಲೆ ನೆನಪಾದರೆ ಮಾತ್ರ ಇವುಗಳ ವೆಚ್ಚಕ್ಕೆ ಮಿತಿಯಿಲ್ಲ. ಒಟ್ಟು ಅಂದಾಜಿನಲ್ಲಿ ಬುನಾದಿಯ ಪಾಲು ಎಷ್ಟೆಂಬುದನ್ನು ಗೊತ್ತುಮಾಡದೆ, ಗುಂಡಿ ತೋಡಿ ಮಣ್ಣು ನೋಡುವ ಮುನ್ನವೇ ಚೌರಸ ಫೂಟಿಗೆ ಇಷ್ಟೆಂದು ಮಾತು ಮುಗಿಸುವ ಗುತ್ತಿಗೆಯ ಪದ್ಧತಿಯನ್ನು ನಾನು ಒಪ್ಪಲಾರೆ.

ಕಾಲವನ್ನೂ ಹೀಗೆಯೇ ಎಣಿಸಬೇಕು. ತೊಗರಿ, ಕಡಲೆ, ಬಿಳಿಜೋಳಗಳು ಮನೆಗೆ ಬಂದು ಕೈಯಲ್ಲಿ ನಾಲ್ಕು ಕಾಸು ಆಡುವುದು ಸಂಕ್ರಾಂತಿಯಿಂದ ಯುಗಾದಿಯವರೆಗಿನ ತಿಂಗಳುಗಳಲ್ಲಿ. ಆಗ ತೊಡಗಿದ ಮನೆಯ ಛತ್ತು ಬೀಳುವ ಹೊತ್ತಿಗೆ ವೈಶಾಖದ ಬಿಸಿಲೂ ನೀರಿನ ಬರವೂ ಒಟ್ಟಿಗೆ ಬಂದಿರುವುವು. ಬಿಸಿ ಒಣಹವೆಯಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನವಾದರೂ ತೇವವಾಗಿಡಬೇಕೆಂದು ಭಾರತೀಯ ಮಾನಕವು ವಿಧಿಸಿದೆ. ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವ ಗ್ರಾಮದಲ್ಲಿ ಇದು ಹೇಗೆ ಸಾಧ್ಯವೆಂದು ಕೇಳಿದರೆ, ಆ ಪ್ರಶ್ನೆಯನ್ನು ಪೌಷದಲ್ಲಿಯೇ ಕೇಳಿಕೊಂಡು, ಸಾಮಗ್ರಿಗೆ ಹಣ ಹೊಂದಿಸಿದಂತೆಯೇ ನೀರಿಗೂ ತೊಟ್ಟಿ ಕಟ್ಟಿ ಹೊಂದಿಸಿ, ಛತ್ತಿನ ಕೆಲಸವನ್ನು ಶಿವರಾತ್ರಿಯ ಆಸುಪಾಸಿಗೆ ಮುಗಿಸುವಂತೆ ಬುನಾದಿಯನ್ನು ಹಿಂದಿನ ಚಳಿಗಾಲಕ್ಕೆ ಸರಿಸಬೇಕೆಂದೇ ಉತ್ತರ ಹೇಳಬೇಕಾಗುವುದು.

ಮನೆಯ ರೂಪವೆಂತಿರಬೇಕು? ಕಲ್ಲುಮಣ್ಣಿನ ದಪ್ಪ ಗೋಡೆ, ತೊಲೆಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ತಲೆಯ ಮೇಲೊಂದು ಬೆಳಕಿಂಡಿ, ಮುಂದೆ ಪಡಸಾಲೆ, ಒಂದೇ ಬಾಗಿಲೊಳಗೆ ದನಕರುಗಳಿಗೂ ಎಡೆಯಿದ್ದ ನಮ್ಮ ಪೂರ್ವಿಕರ ಮನೆಯು ಬೇಸಿಗೆಯ ಮಧ್ಯಾಹ್ನವನ್ನು ತಡೆದುಕೊಳ್ಳುತ್ತಿದ್ದುದು ನಿಜ. ಈಗಿನ ತೆಳುವಾದ ಕಾಂಕ್ರೀಟು ಛತ್ತಾದರೋ ಒಲೆಯ ಮೇಲಿನ ಹಂಚಿನಂತೆ ಕಾದು ನಡುರಾತ್ರಿಯವರೆಗೂ ಒಳಗಿನವರನ್ನು ಬೇಯಿಸುವುದು. ಆದರೂ ಹಳೆಯದನ್ನು ಹಾಗೆಯೇ ಅನುಕರಿಸಬೇಕೆಂದು ನಾನು ಹೇಳೆನು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನೆರೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ, ಸಹಸ್ರಾರು ಜನರು ಮಡಿದುದು ಬಹುಮಟ್ಟಿಗೆ ಇಂತಹವೇ ಮಣ್ಣುಗಾರೆಯ ಗೋಡೆಗಳೂ ಮಣಭಾರದ ಮಾಳಿಗೆಗಳೂ ಕುಸಿದುದರಿಂದ. ಗೋಡೆಯ ಎರಡು ಮುಖಗಳನ್ನು ಬಂಧಿಸುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಇರಿಸಿ, ಬಾಗಿಲ ಮೇಲಿನ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿಯೊಂದನ್ನು ಹಾಯಿಸಿ, ಛತ್ತಿನ ಮೇಲೆ ಸುಣ್ಣ ಬಳಿದು, ಪಶ್ಚಿಮದ ಗೋಡೆಗೆ ಪಡಸಾಲೆಯ ನೆರಳು ಕೊಟ್ಟರೆ, ತಾಳಿಕೋಟೆಯ ಫರಸಿಯೂ ಊರ ಸುತ್ತಲಿನ ಕರಿಕಲ್ಲೂ ಇಂದಿಗೂ ಉತ್ತಮ ಸಾಮಗ್ರಿಗಳೇ. ಜೋಳದ ಚೀಲಗಳಿಗೆ ಎಡೆ, ಎತ್ತಿಗೆ ಕೊಟ್ಟಿಗೆ, ರೊಟ್ಟಿ ಬಡಿಯುವವಳ ಬೆನ್ನಿಗೆ ಗಾಳಿ ಇವು ನಕ್ಷೆಯಲ್ಲಿ ಇಲ್ಲದಿದ್ದರೆ ಅದು ಒಕ್ಕಲಿಗನ ಮನೆಯ ನಕ್ಷೆಯಲ್ಲ. ಅಡಿಗೆಮನೆಯ ಗೆರೆ ಎಳೆಯುವ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳದಿರುವುದಂತೂ ಅಕ್ಷಮ್ಯ. 2009ರ ಅಕ್ಟೋಬರಿನ ಮಹಾಪೂರದ ಅನಂತರ ಉತ್ತರ ಕರ್ನಾಟಕದಲ್ಲಿ ದಾನಿಗಳ ಹಣದಿಂದ ಎದ್ದ ‘ಆಸರೆ’ ಯೋಜನೆಯ ಮನೆಗಳ ಸಾಲುಗಳನ್ನು ನೋಡಿದಾಗ, ದನವನ್ನೆಲ್ಲಿ ಕಟ್ಟುವುದು, ಹೊಲ ಎಷ್ಟು ದೂರ ಎಂಬ ಪ್ರಶ್ನೆಗಳನ್ನು ವಾಸ ಮಾಡುವವರ ಬಾಯಿಂದ ಮೊದಲೇ ಕೇಳಿಸಿಕೊಂಡಿದ್ದರೆ ಎಷ್ಟು ಲೇಸಾಗುತ್ತಿತ್ತೆಂದು ನನಗನಿಸಿದೆ.

ಸರಕಾರದ ಧನಸಹಾಯವು ಇಂದು ಹಂತಹಂತವಾಗಿ, ಬುನಾದಿ, ಬಾಗಿಲ ಮಟ್ಟ, ಛತ್ತು, ಮುಕ್ತಾಯಗಳ ಛಾಯಾಚಿತ್ರಗಳನ್ನು ನೋಡಿ ಬಿಡುಗಡೆಯಾಗುವುದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ ಯೋಜನೆಯ ಗ್ರಾಮೀಣ ಭಾಗವು ಬಯಲುಸೀಮೆಗೆ 1,20,000 ರೂಪಾಯಿಗಳನ್ನೂ, ಅಡಿಗೆಯ ಸ್ಥಳ ಸೇರಿ ಕನಿಷ್ಠ 25 ಚದರ ಮೀಟರು ಮನೆಯನ್ನೂ ಗೊತ್ತುಮಾಡಿತು. ಹಣ ದುರುಪಯೋಗವಾಗದಿರಲು ಹೀಗೆ ಹಂತಹಂತವಾಗಿ ಕೊಡುವ ಕ್ರಮ ಅಗತ್ಯವೇ. ಆದರೆ ಈ ಅಳತೆಯೊಳಗೆ ನಿಲ್ಲದೆ ದೊಡ್ಡ ಬುನಾದಿ ಹಾಕಿದವನಿಗೆ ಪ್ರತಿಯೊಂದು ಕಂತೂ ಸಾಲದೆ, ಸಾಹುಕಾರನ ಬಡ್ಡಿಯು ಸೇರಿ, ಛತ್ತಿನ ಕೆಳಗೆ ಒಲೆ ಹೊತ್ತುವ ಮುನ್ನವೇ ಅವನು ಮತ್ತೆ ಪುಣೆಯ ಬಸ್ಸು ಹತ್ತಬೇಕಾಗುವುದು. ಛಾಯಾಚಿತ್ರ ಕೇಳುವ ಕಚೇರಿಯು ಅದಕ್ಕೆ ಮೊದಲು ನಕ್ಷೆಯೊಂದನ್ನೂ ಕೊಡಲಿ. ಮೊದಲ ವರ್ಷ ವಾಸಯೋಗ್ಯವಾಗುವ 25 ಚದರ ಮೀಟರು, ಮುಂದೆ ಮಗನ ದುಡಿಮೆ ಬಂದಾಗ ಪಕ್ಕಕ್ಕೆ ಸೇರಿಸಬಹುದಾದ ಕೋಣೆ, ಕೊನೆಗೆ ಕೊಟ್ಟಿಗೆ ಎಂಬಂತೆ, ಯಾವ ಹಂತದಲ್ಲಿ ನಿಂತರೂ ಮನೆಯು ಮನೆಯಾಗಿಯೇ ಇರುವ ಐದಾರು ಮಾದರಿಗಳನ್ನು ಎರೆಭೂಮಿಗೆ ಹೊಂದುವಂತೆ ಎಂಜಿನಿಯರರಿಂದ ಬರೆಸಿ, ಆಯಾ ವರ್ಷದ ದರದಲ್ಲಿ ಸಾಮಗ್ರಿಯ ಪಟ್ಟಿ ಲಗತ್ತಿಸಿ, ಪಂಚಾಯತಿಯ ಗೋಡೆಗೆ ಅಂಟಿಸುವುದು ಕಷ್ಟವಾದ ಕೆಲಸವಲ್ಲ. ಜಾಗದ ಇ-ಸ್ವತ್ತು ಉತಾರೆಯೂ ಅಣ್ಣತಮ್ಮಂದಿರ ಪಾಲುಪತ್ರವೂ ಸರಿಯಿವೆಯೇ ಎಂಬುದನ್ನು ಅದೇ ಮೇಜಿನ ಮೇಲೆ ಆಗಲೇ ನೋಡಿಬಿಡಬಹುದು.

ಇದಕ್ಕೆ ತಕ್ಕ ಕಾಲ ದೀಪಾವಳಿ. ಜೋಳದ ಬಿತ್ತನೆ ಮುಗಿದಿರುವುದು, ಪರಸ್ಥಳಕ್ಕೆ ದುಡಿಯಹೋದವರಲ್ಲಿ ಎಷ್ಟೋ ಮಂದಿ ಹಬ್ಬಕ್ಕೆ ಬಂದಿರುವರು, ಸುಗ್ಗಿಗೆ ಇನ್ನೂ ಮೂರು ನಾಲ್ಕು ತಿಂಗಳಿರುವುದು. ಮನೆಗಳ ಗ್ರಾಮಸಭೆಯನ್ನು ಆ ವಾರದಲ್ಲಿಯೇ ಕರೆದು, ಪುಣೆ ಗೋವೆಗಳಲ್ಲಿ ನಕ್ಷೆ ಓದಿ ಬಲ್ಲ ನಮ್ಮ ಗೌಂಡಿಗಳನ್ನು ಎಂಜಿನಿಯರರ ಪಕ್ಕದಲ್ಲಿ ಕೂರಿಸಿ, ಮುಂದಿನ ವರ್ಷ ಕಟ್ಟಲಿರುವ ಪ್ರತಿಯೊಂದು ಕುಟುಂಬಕ್ಕೂ ಅಂದಾಜನ್ನು ಓದಿ ಹೇಳಿಸುವ ಏರ್ಪಾಡನ್ನು ಸಿಂದಗಿ ತಾಲ್ಲೂಕಿನ ಒಂದು ಪಂಚಾಯತಿಯಾದರೂ ಈ ವರ್ಷವೇ ಮಾಡಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ.