ಕೂಸಿನ ಕೈಗೆ ಚಿತ್ರಪುಸ್ತಕ, ಹಿರಿಯರ ಬಾಯಿಗೆ ಮಾತು

ಮಗುವಿನ ಆಟದ ಸಾಮಾನು ಹೇಗಿರಬೇಕೆಂಬುದನ್ನು ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಬಹು ಸೂಕ್ಷ್ಮವಾಗಿ ವಿಚಾರ ಮಾಡಿದೆ. ಆಟಿಕೆಯು ಬಗೆಬಗೆಯದೂ ಸದ್ದು ಮಾಡುವಂಥದೂ ಕಣ್ಣಿಗೆ ಹಿತವಾದದ್ದೂ ಆಗಿರಬೇಕು, ಹಗುರವಾಗಿರಬೇಕು. ಅದರ ಮೊನೆ ಚೂಪಾಗಿರಬಾರದು, ಅದು ಬಾಯೊಳಗೆ ಹೋಗುವಷ್ಟು ಚಿಕ್ಕದಾಗಿರಬಾರದು, ಮಗುವನ್ನು ಬೆದರಿಸಬಾರದು ಎಂಬುದು ಅಲ್ಲಿಯ ಅಭಿಪ್ರಾಯ. ಅಳುವ ಅಥವಾ ಉಣ್ಣಲೊಲ್ಲದ ಮಗುವಿನ ಎದುರು ರಾಕ್ಷಸ ಪಿಶಾಚಿಗಳ ಹೆಸರೆತ್ತಿ ಅಂಜಿಸಕೂಡದೆಂಬ ಎಚ್ಚರಿಕೆಯೂ ಅದೇ ಪ್ರಕರಣದಲ್ಲಿದೆ.

ನಮ್ಮ ಬಾಲ್ಯದಲ್ಲಿ ತುತ್ತು ಬಾಯಿಗೆ ಹೋಗಬೇಕಾದರೆ ಗುಮ್ಮ ಬರಬೇಕಾಗಿತ್ತು. ಈಗ ಗುಮ್ಮ ಹೊರಟುಹೋಗಿದ್ದಾನೆ. ಅವನ ಸ್ಥಾನದಲ್ಲಿ ಮೊಬೈಲ್ ಫೋನು ಕುಳಿತಿದೆ. ಗುಮ್ಮನಾದರೂ ತುತ್ತು ಮುಗಿದೊಡನೆ ಹೋಗುತ್ತಿದ್ದ, ಇದು ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ನೋಟವೇ ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದೆಂದೂ ಹೇಳಿದೆ. ಇದನ್ನು ತಿಳಿಸಿದಾಗ ತಾಯಂದಿರು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ‘ಫೋನು ಕಿತ್ತುಕೊಂಡ ಮೇಲೆ ಕೈಗೆ ಏನು ಕೊಡಬೇಕು?’ ಚಿತ್ರಪುಸ್ತಕವನ್ನು ಕೊಡಿರೆಂಬುದು ನಮ್ಮ ಉತ್ತರ. ಆದರೆ ಪುಸ್ತಕವನ್ನು ಕೊಟ್ಟು ಎದ್ದುಹೋದರೆ ಅದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಚಿತ್ರಪುಸ್ತಕಕ್ಕೆ ಸ್ವಂತ ದನಿಯಿಲ್ಲ. ಪಕ್ಕದಲ್ಲಿ ಕುಳಿತ ಹಿರಿಯರೇ ಅದಕ್ಕೆ ದನಿಯಾಗಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಫೋನಿನ ಬದಲು ಪುಸ್ತಕವನ್ನು ಹಿಡಿದು ಉಣ್ಣಿಸುವುದೂ ನಮಗೆ ಒಪ್ಪಿಗೆಯಲ್ಲ. ಊಟ ಮಾಡುವಾಗ ಮನಸ್ಸು ಊಟದಲ್ಲಿಯೇ ಇರಬೇಕೆಂದು ಅದೇ ಚರಕರು ವಿಮಾನಸ್ಥಾನದಲ್ಲಿ ವಿಧಿಸಿದ್ದಾರೆ. ಪುಸ್ತಕದ ವೇಳೆ ಊಟಕ್ಕಿಂತ ಮೊದಲು, ಅಡುಗೆಮನೆಯಲ್ಲಿ. ಅಜ್ಜಿ ತರಕಾರಿ ಹೆಚ್ಚಲು ಕುಳಿತಾಗ ತರಕಾರಿಗಳ ಚಿತ್ರವಿರುವ ಪುಸ್ತಕವನ್ನು ಮಗುವಿನ ಮುಂದೆ ಬಿಡಿಸಿಡಿ; ಈಳಿಗೆಮಣೆ, ಚಾಕು ದೂರವಿರಲಿ. ಪುಸ್ತಕದಲ್ಲಿರುವುದು ನೇರಳೆ ಬಣ್ಣದ ಗುಂಡು ಬದನೆ, ಮೊರದಲ್ಲಿರುವುದು ಹಸಿರು ಬದನೆ. ಮಗು ಎರಡನ್ನೂ ನೋಡುತ್ತದೆ, ಮುಟ್ಟುತ್ತದೆ, ತೊಟ್ಟನ್ನು ಹಿಡಿದೆಳೆಯುತ್ತದೆ. ಬಣ್ಣ ಬೇರೆಯಾದರೂ ಹೆಸರು ಒಂದೇ ಎಂಬುದನ್ನು ಅರಿಯುವುದು ಒಂದೂವರೆ ವರ್ಷದ ಬುದ್ಧಿಗೆ ಸಣ್ಣ ಕೆಲಸವಲ್ಲ. ಹಾಗಲಕಾಯಿಯ ಮೈಯನ್ನು ಬೆರಳಿನಿಂದ ಸವರಿಸಿ ‘ತರಿ ತರಿ’ ಎನ್ನಿ, ಟೊಮೇಟೋ ಮುಟ್ಟಿಸಿ ‘ನುಣುಪು’ ಎನ್ನಿ. ಸೌಟು, ಲೋಟ, ಚಮಚಗಳ ಚಿತ್ರವಿದ್ದರೆ ಆ ಸಾಮಾನುಗಳನ್ನೇ ನೆಲದ ಮೇಲಿರಿಸಿ, ಚಿತ್ರಕ್ಕೆ ಸರಿಹೊಂದುವುದನ್ನು ತರುವಂತೆ ಹೇಳಿ. ಲೋಟದ ಬದಲು ಸೌಟು ತಂದರೆ ‘ತಪ್ಪು’ ಎನ್ನಬೇಕಾಗಿಲ್ಲ; ‘ಓಹೋ, ಸೌಟು ತಂದೆಯಾ! ಇದರಿಂದ ಸಾರು ಬಡಿಸೋಣ’ ಎಂದರಾಯಿತು. ಮಗುವಿಗೆ ಒಂದರ ಬದಲು ಎರಡು ಹೆಸರು ದೊರೆತಂತಾಯಿತು.

ನಮ್ಮ ಮೈಸೂರಿನಂಥ ಊರಿನಲ್ಲಿ ಪುಸ್ತಕದ ಚಿತ್ರಗಳು ಬೀದಿಯಲ್ಲಿಯೇ ಜೀವ ತಳೆದು ನಿಂತಿವೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒಮ್ಮೆ ಎತ್ತಿಕೊಂಡು ನಡೆದರೆ ಬಣ್ಣಗಳ ಪುಸ್ತಕವೊಂದು ಮುಗಿಯುತ್ತದೆ. 1892ರಲ್ಲಿ ಆರಂಭವಾದ ಮೃಗಾಲಯಕ್ಕೆ ಹೋಗುವುದಾದರೆ (ಮಂಗಳವಾರ ರಜೆಯೆಂಬುದನ್ನು ಮರೆಯಬೇಡಿ) ಹಿಂದಿನ ದಿನ ಆನೆ, ಜಿರಾಫೆ, ಹುಲಿಗಳ ಚಿತ್ರವನ್ನು ತೋರಿಸಿ. ಮನೆಗೆ ಮರಳಿದ ಮೇಲೆ ಅದೇ ಪುಟಗಳನ್ನು ಮತ್ತೆ ತೆರೆಯಿರಿ. ಅಂಗೈಯಷ್ಟಿದ್ದ ಆನೆ ಅಲ್ಲಿ ಬೆಟ್ಟದಂತೆ ನಿಂತಿದ್ದುದನ್ನು ಕಂಡ ಮಗುವಿನ ಮುಖದಲ್ಲಿ ಆ ಎರಡನೆಯ ನೋಟದ ಸಮಯದಲ್ಲಿ ಬರುವ ಬೆರಗನ್ನು ತಾತಂದಿರು ತಪ್ಪಿಸಿಕೊಳ್ಳಬಾರದು. ಒಂದೇ ದಿನ ಇಡೀ ಮೃಗಾಲಯವನ್ನು ಸುತ್ತಿಸಿ ಕೂಸನ್ನು ದಣಿಸಬೇಡಿ. ನಾಲ್ಕು ಪ್ರಾಣಿಗಳು ಸಾಕು.

ದಸರೆಯ ಬೊಂಬೆಹಬ್ಬದ ಬಗೆಗೂ ಒಂದು ಮಾತು. ಬೊಂಬೆ ಕೂರಿಸಿದ ಮನೆಗಳಲ್ಲಿ ಒಂಬತ್ತು ದಿನವೂ ಮಗುವಿಗೆ ಕೇಳಿಬರುವುದು ‘ಮುಟ್ಟಬೇಡ’ ಎಂಬ ಒಂದೇ ಶಬ್ದ. ಪಟ್ಟದ ಬೊಂಬೆಗಳು ಮೇಲಿನ ಮೆಟ್ಟಿಲಿನಲ್ಲಿರಲಿ, ಅವು ಪೂಜ್ಯ. ಕೆಳಗಿನ ಒಂದು ಮೆಟ್ಟಿಲನ್ನು ಮಗುವಿಗೇ ಬಿಟ್ಟುಕೊಡಿ. ಚನ್ನಪಟ್ಟಣದ ಮರದ ಬೊಂಬೆ, ಬಟ್ಟೆಯ ಹಸು, ಅದರ ಪಕ್ಕದಲ್ಲಿ ಹಸುವಿನ ಚಿತ್ರವಿರುವ ಪುಸ್ತಕ ಅಲ್ಲಿರಲಿ. ಬಾಯಿಗೆ ಹೋಗುವಷ್ಟು ಸಣ್ಣ ಬೊಂಬೆ ಮಾತ್ರ ಆ ಮೆಟ್ಟಿಲಿಗೆ ಬೇಡ.

ಇನ್ನು ನಮಗೆ ಬೇಸರ ತರಿಸುವ ವಿಷಯ. ಮನೆಗೆ ನೆಂಟರು ಬಂದೊಡನೆ ಎರಡು ವರ್ಷದ ಮಗುವನ್ನು ಕರೆದು ಚಿತ್ರದ ಕಾರ್ಡುಗಳನ್ನು ಹಿಡಿದು ‘ವಾಟ್ ಈಸ್ ದಿಸ್?’ ಎಂದು ಪರೀಕ್ಷೆ ನಡೆಸುವ ಅಭ್ಯಾಸ ಎಲ್ಲೆಡೆ ಕಾಣುತ್ತಿದೆ. ಆ್ಯಪಲ್ ಎಂದರೆ ಚಪ್ಪಾಳೆ, ಸುಮ್ಮನಿದ್ದರೆ ತಾಯಿಯ ಮುಖ ಬಾಡುತ್ತದೆ. ಮಗು ಅದನ್ನು ಗಮನಿಸದೆ ಇರುವುದಿಲ್ಲ. ಪುಸ್ತಕವೆಂದರೆ ಪರೀಕ್ಷೆ ಎಂಬ ಭಾವನೆ ಅಕ್ಷರ ಕಲಿಯುವ ಮೊದಲೇ ಬೇರೂರಿದರೆ ಮುಂದೆ ಅದನ್ನು ಕೀಳುವುದು ಕಷ್ಟ. ಹೆಸರನ್ನು ಹೇಳಿಸುವುದು ಸುಲಭ. ಮಗುವಿನೊಡನೆ ಚಿತ್ರವನ್ನು ಕುರಿತು ಮಾತಾಡುವುದಕ್ಕೆ ಸಮಯ ಬೇಕು. ‘ನಾಯಿ ಎಲ್ಲಿಗೆ ಓಡುತ್ತಿದೆ? ಅದಕ್ಕೆ ಹಸಿವಾಗಿದೆಯೇ?’ ಎಂದು ಕೇಳಿ, ಉತ್ತರಕ್ಕೆ ತುಸು ಕಾಯಬೇಕು. ಮಗು ‘ಬೌ’ ಎಂದರೆ ‘ಹೌದು, ಬೌ ಬೌ ನಾಯಿ ಓಡುತ್ತಿದೆ’ ಎಂದು ಅದನ್ನೇ ಬೆಳೆಸಿ ಹೇಳಬೇಕು. ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 21ರಿಂದ 35 ತಿಂಗಳ ಮಕ್ಕಳ ತಂದೆತಾಯಿಯರಿಗೆ ಕಲಿಸಿದ್ದು ಬಹುಮಟ್ಟಿಗೆ ಇದನ್ನೇ. ಒಂದೇ ತಿಂಗಳಿನಲ್ಲಿ ಆ ಮಕ್ಕಳ ಮಾತು, ಎಂದಿನಂತೆ ಓದಿ ಹೇಳಿಸಿಕೊಂಡ ಮಕ್ಕಳ ಮಾತಿಗಿಂತ ಗಣನೀಯವಾಗಿ ಮುಂದಿತ್ತು. ನಮ್ಮ ಅಜ್ಜಿಯರು ಚಂದ್ರನನ್ನು ತೋರಿಸುತ್ತ ಮಾಡುತ್ತಿದ್ದುದೂ ಇದಕ್ಕಿಂತ ಬೇರೆಯಲ್ಲ.

ಮಾತು ಮನೆಯ ಮಾತೇ ಆಗಿರಲಿ. ಆಂಗ್ಲ ಪುಸ್ತಕವಿದ್ದರೂ ಚಿತ್ರಗಳಿಗೆ ಭಾಷೆಯಿಲ್ಲವಾದ್ದರಿಂದ ಕನ್ನಡದಲ್ಲಿಯೇ ಕಥೆ ಕಟ್ಟಬಹುದು. ಕನ್ನಡದ ಪುಸ್ತಕಗಳಿಗೂ ಬರವಿಲ್ಲ. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್, ನಮ್ಮ ನವಕರ್ನಾಟಕ ಪ್ರಕಾಶನ, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಇವೆಲ್ಲ ಅಲ್ಪ ಬೆಲೆಗೆ ಒದಗಿಸುತ್ತಿವೆ. ಪ್ರಥಮ್‌ನವರ ಶೃಂಗೇರಿ ಶ್ರೀನಿವಾಸನ ಕಥೆ ಮೂರರ ಹತ್ತಿರದ ಮಕ್ಕಳಿಗೆ ಬಹಳ ಮೆಚ್ಚು. ಉದ್ದ ಕೂದಲಿನ ಆ ಪುಣ್ಯಾತ್ಮ ಯಾರನ್ನು ಕೇಳಿದರೂ ಅವನ ಕೂದಲು ಕತ್ತರಿಸಲು ಒಬ್ಬರಿಗೂ ಬಿಡುವಿಲ್ಲ! ನಾಲ್ಕು ಬಾರಿ ಕೇಳಿದ ಮಗು ‘ಬಿಡುವಿಲ್ಲ’ ಎಂಬುದನ್ನು ತಾನೇ ಹೇಳತೊಡಗುತ್ತದೆ. ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಕೇಳಿದರೂ ಬೇಸರಿಸಬೇಡಿ. ಮಗುವಿಗೆ ಅದು ಮಗ್ಗಿಯಿದ್ದಂತೆ.

ಕೊಳ್ಳಲಾಗದವರು ಮನೆಯಲ್ಲಿಯೇ ಮಾಡಬಹುದು. ಹಳೆಯ ಕ್ಯಾಲೆಂಡರು, ಲಗ್ನಪತ್ರಿಕೆ, ವಾರಪತ್ರಿಕೆಗಳ ಚಿತ್ರಗಳನ್ನು ಕತ್ತರಿಸಿ, ಗಟ್ಟಿ ರಟ್ಟಿನ ಮೇಲೆ ಮೈದಾ ಅಂಟಿನಿಂದ ಅಂಟಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿ ದಾರದಿಂದ ಹೊಲಿಯಿರಿ. ಪಿನ್ನು ಹೊಡೆಯಬೇಡಿ, ಅದು ಕಳಚಿ ಹೊಟ್ಟೆ ಸೇರುತ್ತದೆ. ಅಜ್ಜ, ಅಜ್ಜಿ, ದೂರದೂರಿನ ಸೋದರಮಾವ, ಅತ್ತೆಯರ ಭಾವಚಿತ್ರಗಳೂ ಅದರಲ್ಲಿದ್ದರೆ ಮಗು ಬೇರೆಲ್ಲ ಪುಸ್ತಕಗಳನ್ನು ಬಿಟ್ಟು ಅದನ್ನೇ ಹಿಡಿಯುತ್ತದೆ. ಹರಿಯುತ್ತದೆ, ಕಚ್ಚುತ್ತದೆ, ಇನ್ನೊಮ್ಮೆ ಅಂಟಿಸಿ.

ಇದನ್ನೆಲ್ಲ ಬರೆಯಲು ನಮಗೆ ಇನ್ನೊಂದು ಕಾರಣವೂ ಇದೆ. ಎರಡು, ಎರಡೂವರೆ ವರ್ಷವಾದರೂ ಮಾತು ಬಾರದ ಮಕ್ಕಳನ್ನು ಕರೆತಂದು ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಸಾಕೇ ಎಂದು ಕೇಳುವವರು ಬಹಳ. ಬಜೆಯ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ, ಅದು ನಮ್ಮ ಶಾಸ್ತ್ರದ ದ್ರವ್ಯ. ಅಳತೆ ಮೀರಿದರೆ ವಾಂತಿ ತರುವ ದ್ರವ್ಯವೂ ಹೌದು. ಆದರೆ ಕಿವಿ ಕೇಳದ ಮಗುವಿಗೆ ಯಾವ ಬಜೆಯೂ ಮಾತು ತರಲಾರದು. ‘ನಮ್ಮ ವಂಶದಲ್ಲಿ ಎಲ್ಲರಿಗೂ ತಡವಾಗಿಯೇ ಮಾತು ಬಂದದ್ದು’ ಎಂದು ಹಿರಿಯರು ಸೊಸೆಯ ಬಾಯಿ ಮುಚ್ಚಿಸುವುದರಿಂದ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ.

ಪುಸ್ತಕ ಹಿಡಿದು ನಿತ್ಯ ಕುಳಿತುಕೊಳ್ಳುವವರಿಗೆ ಈ ಕೊರತೆ ಬೇಗ ಕಂಡುಬರುತ್ತದೆ. ವರ್ಷ ತುಂಬಿದ ಮಗು ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದದ್ದನ್ನು ಬೆರಳಿನಿಂದ ತೋರಿಸದಿದ್ದರೆ, ಎರಡು ತುಂಬಿದರೂ ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂತೆ ಎರಡು ಪದಗಳನ್ನು ಕೂಡಿಸದಿದ್ದರೆ, ಬಂದ ಮಾತು ಹಿಂದೆ ಸರಿದರೆ ಕಾಯಬೇಡಿ. ದೇಶದ ಮೂಲೆಮೂಲೆಗಳಿಂದ ಜನ ಹುಡುಕಿಕೊಂಡು ಬರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಿಂದ ನಮ್ಮ ಊರಿನಲ್ಲಿಯೇ, ಮಾನಸಗಂಗೋತ್ರಿಯಲ್ಲಿದೆ. ಸಿಟಿ ಬಸ್ಸು ಹತ್ತಿದರೆ ತಲುಪಬಹುದು. ಮೊದಲು ಶ್ರವಣ ಪರೀಕ್ಷೆಯಾಗಲಿ, ಬಳಿಕ ಔಷಧಿಯ ಮಾತು. ಹೋಗುವಾಗ ಮಗು ಆಡುವ ಪದಗಳನ್ನೆಲ್ಲ, ‘ಬೌ’, ‘ಅಂಬಾ’ಗಳನ್ನೂ ಬಿಡದೆ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಗುವಿಗೆ ಪ್ರಿಯವಾದ ಚಿತ್ರಪುಸ್ತಕವೂ ಚೀಲದಲ್ಲಿರಲಿ. ಸರದಿಯಲ್ಲಿ ಕಾಯುವಾಗ ಉಪಯೋಗಕ್ಕೆ ಬರುತ್ತದೆ.